ಎಂಬತ್ತೆಂಟನೇ ನಿಮಿಷದ ಬಾವುಟ

ನಮ್ಮ ಮನೆಯಲ್ಲಿ ಬಿಸಿಬೇಳೆ ಬಾತಿನ ಮೇಲೆ ಖಾರಾಬೂಂದಿ ಬೀಳುವುದಿಲ್ಲ. ಸ್ವೀಡನ್ನಿನ ಈ ಯೋನ್‌ಶೋಪಿಂಗ್‌ನಲ್ಲಿ ಬೂಂದಿ ಸಿಗುವುದೇ ಇಲ್ಲವೆಂದು ತಿಳಿಯಬೇಡಿ. ಊರಿನ ಆ ತುದಿಯಲ್ಲಿ ಒಂದು ಅಂಗಡಿಯಿದೆ. ಆದರೆ ನನಗೆ ಬಾತಿನ ಆಸೆ ಹುಟ್ಟುವ ದಿನ ಅದರ ಬಾಗಿಲು ಹಾಕಿರುತ್ತದೆ, ಇಲ್ಲವೇ ಬಾಗಿಲು ತೆರೆದಿದ್ದು ಬೂಂದಿ ಮುಗಿದಿರುತ್ತದೆ. ಹಾಗಾಗಿ ಇಲ್ಲಿನವರು ಸಾಸೇಜ್ ಬನ್ನಿನ ಮೇಲೆ ಉದುರಿಸಿಕೊಳ್ಳುವ ಹುರಿದ ಈರುಳ್ಳಿಯನ್ನೇ ನಾನು ಬೂಂದಿಯ ಜಾಗಕ್ಕೆ ತಂದು ಕೂರಿಸಿದ್ದೇನೆ. ಡಬ್ಬಿಯಲ್ಲಿ ಬರುತ್ತದೆ, ಗರಿಗರಿಯಾಗಿರುತ್ತದೆ. ಮೈಸೂರಿನಲ್ಲಿರುವ ನನ್ನ ಅಕ್ಕನಿಗೆ ಹೇಳದಿದ್ದರೆ ಯಾವ ತೊಂದರೆಯೂ ಇಲ್ಲ.

ಹೋದ ಶನಿವಾರ ಹೊಸ ಡಬ್ಬಿಯೊಂದರ ಮುಚ್ಚಳ ತೆಗೆದೆ. ಎಣ್ಣೆಯಲ್ಲಿ ಕಂದಿದ ಈರುಳ್ಳಿಯ ಸಿಹಿ ಘಾಟು ಮೂಗಿಗೆ ಬಡಿಯಿತು. ಈ ವಾಸನೆ ನನಗೆ ಹೊಸದಲ್ಲ, ತಿಂಗಳಿಗೊಮ್ಮೆ ಬಡಿಯುತ್ತಲೇ ಇರುತ್ತದೆ. ಆದರೆ ಅಂದು ಅಡುಗೆಮನೆಯ ಕಿಟಕಿ ತೆರೆದಿತ್ತು, ಹೊರಗೆ ಅಕ್ಟೋಬರಿನ ಒದ್ದೆ ಹುಲ್ಲಿತ್ತು. ಎರಡೂ ವಾಸನೆಗಳು ಒಟ್ಟಿಗೆ ಬಂದು ನನ್ನನ್ನು ಎಂಟು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗಿ, ಸ್ಮೋಲಾಂಡ್ ಸೀಮೆಯ ಕಾಡಿನ ನಡುವೆ ಇರುವ ಒಂದು ಫುಟ್‌ಬಾಲ್ ಮೈದಾನದ ಗೆರೆಯ ಪಕ್ಕದಲ್ಲಿ ನಿಲ್ಲಿಸಿಬಿಟ್ಟವು. ಮೊದಲು ನೆನಪಾದದ್ದು ಕಾಲ್ಬೆರಳುಗಳ ಚಳಿ. ಆಮೇಲೆ ವೀರೇಶ. ಕೊನೆಗೆ, ಅಂದು ನಾನು ಹೇಳಿದ ಒಂದು ಚಿಕ್ಕ ಸುಳ್ಳು. ಸುಳ್ಳು ಚಿಕ್ಕದು ಎಂದು ನಾನು ಎಂಟು ವರ್ಷ ನಂಬಿದ್ದೆ. ಅದರ ಅಳತೆ ಸರಿಯಿತ್ತೇ ಎಂಬುದನ್ನು ನೀವೇ ನೋಡಿ.

ವೀರೇಶ ಹುಬ್ಬಳ್ಳಿಯವನು, ರೈಲ್ವೆ ಕಾಲೊನಿಯಲ್ಲಿ ಬೆಳೆದವನು. ಆಗ ನಾವಿಬ್ಬರೂ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆವು, ಒಂದೇ ಕಾರಿಡಾರಿನಲ್ಲಿ ಎದುರುಬದುರು ಕೋಣೆ. ಲೋಹ ಯಾಕೆ ಬಿರುಕು ಬಿಡುತ್ತದೆ ಎಂಬುದು ಅವನ ವಿಷಯ. ಕಾರ್ಖಾನೆಗಳಲ್ಲಿ ಕೆಲಸ ಯಾಕೆ ತಡವಾಗುತ್ತದೆ ಎಂಬುದು ನನ್ನದು. ನನ್ನ ಮಹಾಪ್ರಬಂಧವೇ ಎರಡು ವರ್ಷ ತಡವಾಗಿ ಮುಗಿದದ್ದರಿಂದ ಆ ವಿಷಯದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಮೇಷ್ಟ್ರು ತಮಾಷೆ ಮಾಡುತ್ತಿದ್ದರು.

ಮೂರು ವರ್ಷ ದಿನವೂ ಮಾತಾಡಿದ್ದರೂ ವೀರೇಶನ ಬಾಯಲ್ಲಿ ನಾನು ಹುಬ್ಬಳ್ಳಿಯ ಕನ್ನಡ ಕೇಳಿರಲಿಲ್ಲ. ನಮ್ಮ ಕನ್ನಡದವರ ಕೂಟಗಳಲ್ಲಿ ಎಲ್ಲ ಊರಿನವರೂ ಬೆಂಗಳೂರಿನ ಕನ್ನಡಕ್ಕೆ ಅರ್ಧ ಇಂಗ್ಲಿಷ್ ಬೆರೆಸಿ ಮಾತಾಡುವುದು ರೂಢಿ. ಅವನೂ "ಆಮೇಲೆ ಕಾಲ್ ಮಾಡ್ತೀನಿ", "ಲ್ಯಾಬಿಗೆ ಹೋಗ್ತಾ ಇದೀನಿ" ಎಂದು, ಮದುವೆಗೆ ಟೈ ಕಟ್ಟಿಕೊಂಡು ಬಂದವನ ಹಾಗೆ ಕೊಂಚ ಬಿಗಿಯಾಗಿ, ತಪ್ಪಿಲ್ಲದೆ ಹೇಳುತ್ತಿದ್ದ. ಒಮ್ಮೆ ನಾನು ಅವನಿಗೆ, ನೀನು ಹುಬ್ಬಳ್ಳಿಯವನು ಅಂತ ಗೊತ್ತೇ ಆಗೋದಿಲ್ಲ ಎಂದೆ. ಹೊಗಳುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಅವನು ನಕ್ಕುಬಿಟ್ಟ. ಆ ನಗು ನೆನಪಾದರೆ ಈಗ ನನಗೆ ಕಿವಿ ಬಿಸಿಯಾಗುತ್ತದೆ.

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ವರ್ಕ್‌ಶಾಪ್ ಇತ್ತು. ಅದರ ಒಡೆಯರಂತಿದ್ದವರು ಲೆನ್ನಾರ್ಟ್. ಅರವತ್ತರ ಹತ್ತಿರದ, ಎತ್ತರದ, ಬೆನ್ನು ಸ್ವಲ್ಪ ಬಾಗಿದ ಮನುಷ್ಯ. ವೀರೇಶನ ಪರೀಕ್ಷೆಗೆ ಬೇಕಾದ ಲೋಹದ ತುಂಡುಗಳನ್ನು ಕೂದಲೆಳೆಯ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಿದ್ದರು. ನನಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಅಲ್ಲಿನ ಕಾಫಿ ಮೇಲಿನ ಮಹಡಿಯ ಕಾಫಿಗಿಂತ ಚೆನ್ನಾಗಿತ್ತು, ಅಷ್ಟೆ. ಲೆನ್ನಾರ್ಟ್ ದಿನಕ್ಕೆ ಇಂತಿಷ್ಟೇ ಪದ ಎಂದು ರೇಷನ್ ಹಾಕಿಕೊಂಡವರ ಹಾಗೆ ಮಾತಾಡುತ್ತಿದ್ದರು. ಹೌದು ಎನ್ನುವುದಕ್ಕೂ ಪದ ಖರ್ಚು ಮಾಡುತ್ತಿರಲಿಲ್ಲ, ಉಸಿರನ್ನು ಚೂರು ಒಳಗೆಳೆದುಕೊಳ್ಳುತ್ತಿದ್ದರು. ನಾನು ಬಂದ ಹೊಸದರಲ್ಲಿ ಅವರಿಗೆ ಎದೆನೋವಿರಬೇಕೆಂದು ಗಾಬರಿಯಾಗಿ ಕುರ್ಚಿ ಎಳೆದು ಕೊಟ್ಟಿದ್ದೆ.

ಅಂಥ ಲೆನ್ನಾರ್ಟ್ ಒಂದು ಶುಕ್ರವಾರ ನಮ್ಮಿಬ್ಬರನ್ನೂ ನೋಡಿ ಮೂರು ವಾಕ್ಯ ಮಾತಾಡಿದರು. ನಾಳೆ ಫುಟ್‌ಬಾಲ್ ಇದೆ. ಎಲಿನ್ ಆಡುತ್ತಾಳೆ. ಕಾಫಿ ಸಿಗುತ್ತದೆ. ಅವರ ಮಟ್ಟಿಗೆ ಅದು ಭಾಷಣವೇ, ನಾವು ಒಪ್ಪದಿರುವುದು ಸಾಧ್ಯವಿರಲಿಲ್ಲ. ಎಲಿನ್ ಅವರ ಮಗಳು, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಊರಿನ ಒಂದು ದಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳ ಶಿಶುವಿಹಾರದಲ್ಲಿ, ಕೆಲಸ ಮಾಡುತ್ತಿದ್ದಳು. ಲೆನ್ನಾರ್ಟ್ ಹುಟ್ಟಿದ ಹಳ್ಳಿ ಯೋನ್‌ಶೋಪಿಂಗ್‌ನಿಂದ ಮುಕ್ಕಾಲು ಗಂಟೆಯ ದಾರಿ. ಆ ಹಳ್ಳಿಯ ಹೆಂಗಸರ ತಂಡದಲ್ಲಿ ಅವಳು ಆಡುತ್ತಿದ್ದಳು. ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿರುವ ಎರಡು ಸ್ವರಗಳು ನನ್ನ ಬಾಯಲ್ಲಿ ಒಮ್ಮೆಯೂ ಸರಿಯಾಗಿ ಹೊರಟಿಲ್ಲ, ಬರವಣಿಗೆಯಲ್ಲೂ ಅವಮಾನ ಮಾಡುವುದು ಬೇಡ. ತಂಡ ಆಡುತ್ತಿದ್ದದ್ದು ನಾಲ್ಕನೆಯ ಡಿವಿಷನ್ನಿನಲ್ಲಿ. ಮೇಲಿನಿಂದ ಎಣಿಸುತ್ತ ಬರುವುದಕ್ಕಿಂತ ಕೆಳಗಿನಿಂದ ಎಣಿಸಿದರೆ ಬೇಗ ಸಿಗುವ ಡಿವಿಷನ್ ಅದು.

ಶನಿವಾರ ಬೆಳಗ್ಗೆ ಲೆನ್ನಾರ್ಟರ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ನಾನೂ ವೀರೇಶನೂ ಕುಳಿತೆವು. ಎಲಿನ್ ಮುಂದೆ ಕುಳಿತು ಬಾಳೆಹಣ್ಣು ತಿನ್ನುತ್ತ ಹಿಂದಕ್ಕೆ ತಿರುಗಿ ವಿಷಯ ಹೇಳಿದಳು. ಇದು ಈ ವರ್ಷದ ಕೊನೆಯ ಆಟ. ಗೆದ್ದರೆ ಇದೇ ಡಿವಿಷನ್ನಿನಲ್ಲಿ ಉಳಿಯುತ್ತಾರೆ. ಸೋತರೂ, ಸಮವಾದರೂ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಇಳಿದರೆ ನಾಲ್ಕೈದು ಹಿರಿಯ ಆಟಗಾರ್ತಿಯರು ಬೂಟು ಕಳಚಿಡುತ್ತೇವೆ ಎಂದಿದ್ದಾರೆ, ಆಮೇಲೆ ತಂಡಕ್ಕೆ ಹನ್ನೊಂದು ಜನ ಸಿಗುವುದೇ ಕಷ್ಟ. ಅವಳು ಇದನ್ನೆಲ್ಲ ನಗುನಗುತ್ತಲೇ ಹೇಳಿದಳು. ಇನ್ನೊಂದು ಮಾತನ್ನೂ ನಗುತ್ತಲೇ ಹೇಳಿದಳು. ಅವಳು ರಕ್ಷಣೆಯ ಸಾಲಿನಲ್ಲಿ ಆಡುವವಳು, ಆರು ವರ್ಷದಲ್ಲಿ ಒಂದೇ ಒಂದು ಗೋಲನ್ನೂ ಹೊಡೆದಿಲ್ಲವಂತೆ. ಲೆನ್ನಾರ್ಟ್ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಉಸಿರನ್ನು ಒಳಗೆಳೆದುಕೊಂಡರು. ಹೌದು, ಹೊಡೆದಿಲ್ಲ.

ಮೈದಾನದ ಒಂದು ಬದಿಗೆ ಬರ್ಚ್ ಮರಗಳು ಹಳದಿಯಾಗಿ ನಿಂತಿದ್ದವು. ಇನ್ನೊಂದು ಬದಿಗೆ ಕೆಂಪು ಬಣ್ಣದ ಮರದ ಕ್ಲಬ್ ಮನೆ, ಅದರ ಕಿಟಕಿಯಲ್ಲೇ ಕಾಫಿ ಮತ್ತು ಸಾಸೇಜಿನ ವ್ಯಾಪಾರ. ಪ್ರೇಕ್ಷಕರು ಸುಮಾರು ನಲವತ್ತು ಜನ. ಅದರಲ್ಲಿ ಅರ್ಧದಷ್ಟು ಜನ ಇನ್ನರ್ಧಕ್ಕೆ ನೆಂಟರು. ನಾನು ಕಿಟಕಿಯ ಹೆಂಗಸಿಗೆ ಮಾಂಸ ತಿನ್ನುವುದಿಲ್ಲ ಎಂದು ಹೇಳಿದೆ. ಆಕೆ ಒಂದು ನಿಮಿಷ ಗಂಭೀರವಾಗಿ ಯೋಚಿಸಿ, ಬನ್ನನ್ನು ಸೀಳಿ, ಸಾಸೇಜ್ ಇರಬೇಕಾದ ಜಾಗವನ್ನು ಖಾಲಿ ಬಿಟ್ಟು, ಅದರ ಸುತ್ತ ಸಾಸಿವೆ ಹಚ್ಚಿ, ಹುರಿದ ಈರುಳ್ಳಿ ಧಾರಾಳವಾಗಿ ಸುರಿದು ಕೊಟ್ಟಳು. ಚೆನ್ನಾಗಿಯೇ ಇತ್ತು. ನನ್ನ ಬಾತಿನ ಈರುಳ್ಳಿಯ ಮೂಲ ಅಲ್ಲಿದೆ.

ಆಟ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ನನ್ನ ಪಕ್ಕದಲ್ಲಿ ಯಾರೋ ಅಪರಿಚಿತ ಕೂಗಿದಂತಾಯಿತು. ಬಿಡಬ್ಯಾಡ ತಂಗಿ, ಮುಂದ ಹೋಗು, ಹೊಡಿ ಅವ್ವಾ ಹೊಡಿ. ನಾನು ತಿರುಗಿ ನೋಡಿದೆ. ವೀರೇಶ. ಟೈ ಬಿಚ್ಚಿಹೋಗಿತ್ತು. ನೀಲಿ ಅಂಗಿಯ ಹನ್ನೊಂದು ಜನ ಸ್ವೀಡಿಶ್ ಹೆಂಗಸರನ್ನು ಅವನು ತಂಗಿ, ಅವ್ವಾ, ಅಕ್ಕಾ ಎಂದು ವಯಸ್ಸಿಗೆ ತಕ್ಕಂತೆ ವಿಂಗಡಿಸಿ ಕರೆಯುತ್ತಿದ್ದ. ಅವನ ದನಿಯೇ ಬೇರೆಯಾಗಿತ್ತು, ಅಗಲವಾಗಿ, ಆರಾಮವಾಗಿ, ಎದೆಯಿಂದ ಬರುತ್ತಿತ್ತು. ಮೂರು ವರ್ಷದಿಂದ ನನ್ನ ಜೊತೆ ಕಾಫಿ ಕುಡಿದವನನ್ನು ನಾನು ಆವತ್ತು ಮೊದಲ ಸಲ ನೋಡುತ್ತಿದ್ದೆ. ಹುಬ್ಬಳ್ಳಿಯ ರೈಲ್ವೆ ಮೈದಾನದಲ್ಲಿ ಶಾಲೆಯ ದಿನಗಳಲ್ಲಿ ಅವನು ಗೋಲ್‌ಕೀಪರ್ ಆಗಿದ್ದನಂತೆ. ಇದೂ ನನಗೆ ಆವತ್ತೇ ಗೊತ್ತಾದದ್ದು. ಸುತ್ತಲಿನ ಸ್ವೀಡಿಶ್ ಜನ ಒಂದೆರಡು ಸಲ ತಿರುಗಿ ನೋಡಿ, ಇವನು ತಮ್ಮ ಕಡೆಯವನು ಎಂಬುದು ಖಚಿತವಾದ ಮೇಲೆ ನೆಮ್ಮದಿಯಾಗಿ ಕಾಫಿಗೆ ಮರಳಿದರು.

ಮಧ್ಯಂತರಕ್ಕೆ ಒಂದು-ಒಂದು. ಆಗ ವೀರೇಶ ನನಗೆ ಆಫ್‌ಸೈಡ್ ಕಲಿಸಲು ಕೂತ. ನಾನು ಕ್ರಿಕೆಟ್ಟಿನ ಊರಿನವನು. ಈ ಒಂದು ನಿಯಮವನ್ನು ನನಗೆ ಕಲಿಸಲು ಹೋಗಿ ಈ ಮೊದಲು ಮೂವರು ಗೆಳೆಯರು ಸೋತಿದ್ದರು. ಅವನು ಬೆಂಚಿನ ಮೇಲೆ ಎರಡು ಕಾಗದದ ಲೋಟ ಇಟ್ಟು, ಇದು ಎದುರಾಳಿಯ ಗೋಲ್‌ಕೀಪರ್, ಇದು ಅವರ ಕೊನೆಯ ಆಟಗಾರ್ತಿ ಎಂದ. ನನ್ನ ಅರ್ಧ ಬನ್ನನ್ನು ಕಿತ್ತುಕೊಂಡು, ಇದು ಎಲಿನ್ ಅಂತ ತಿಳಿ ಎಂದ. ಎಲಿನ್‌ಗೆ ಅವಳ ತಂಡದವರು ಹಿಂದಿನಿಂದ ಚೆಂಡು ಒದೆಯುವ ಆ ಗಳಿಗೆಯಲ್ಲಿ ಅವಳು ಆ ಕೊನೆಯವಳನ್ನು ದಾಟಿ ಗೋಲಿನ ಹತ್ತಿರ ನಿಂತಿರಕೂಡದು. ಒದ್ದ ಮೇಲೆ ಎಷ್ಟು ಬೇಕಾದರೂ ಓಡಲಿ, ಒದೆಯುವಾಗ ಮುಂದಿರಬಾರದು. ಇಷ್ಟೇ. ನಾನು ತಲೆಯಾಡಿಸಿದೆ. ಅರ್ಥವಾಗಿರಲಿಲ್ಲ. ನನ್ನ ಚಿಂತೆಯೆಲ್ಲ ಬನ್ನಿನ ಬಗ್ಗೆ ಇತ್ತು.

ಅಷ್ಟರಲ್ಲಿ ಲೆನ್ನಾರ್ಟ್ ಕೈಯಲ್ಲೊಂದು ಹಳದಿ ಬಾವುಟ ಹಿಡಿದುಕೊಂಡು ಬಂದರು. ಇಷ್ಟು ಕೆಳಗಿನ ಡಿವಿಷನ್ನಿನಲ್ಲಿ ರೆಫರಿ ಒಬ್ಬರೇ ಬರುತ್ತಾರೆ. ಗೆರೆಯ ಪಕ್ಕ ಓಡಾಡುತ್ತ ಬಾವುಟ ತೋರಿಸುವ ಲೈನ್ಸ್‌ಮನ್‌ಗಳನ್ನು ಎರಡೂ ತಂಡದವರು ಒಬ್ಬೊಬ್ಬರಂತೆ ತಾವೇ ಕೊಡಬೇಕು. ಹಳ್ಳಿಯ ತಂಡದ ಲೈನ್ಸ್‌ಮನ್‌ಗೆ ಮೀನಖಂಡ ಹಿಡಿದುಕೊಂಡು ಅವನೀಗ ಕ್ಲಬ್ ಮನೆಯಲ್ಲಿ ಕಾಲು ಚಾಚಿ ಮಲಗಿದ್ದ. ಓಡಬಲ್ಲವರು, ನಿಯಮ ಗೊತ್ತಿರುವವರು ಯಾರಿದ್ದಾರೆ? ಲೆನ್ನಾರ್ಟ್ ಬೆಂಚಿನ ಮೇಲಿನ ಲೋಟಗಳನ್ನೂ ಬನ್ನನ್ನೂ ನೋಡಿ ಬಾವುಟವನ್ನು ವೀರೇಶನ ಕೈಗಿಟ್ಟರು. ಅವನು ಎರಡು ಸಲ ಬೇಡವೆಂದ. ಮೂರನೆಯ ಸಲ ಬೇಡವೆನ್ನುವ ಮೊದಲೇ ಯಾರೋ ಅವನಿಗೆ ಹಳದಿ ಮೇಲಂಗಿ ತೊಡಿಸಿದರು. ರೆಫರಿ ಮಂಡಿಗೆ ಪಟ್ಟಿ ಕಟ್ಟಿಕೊಂಡ ವಯಸ್ಸಾದ ಮನುಷ್ಯ. ಮೈದಾನದ ನಡುವಿನ ವೃತ್ತವನ್ನು ಬಿಟ್ಟು ಹೆಚ್ಚು ದೂರ ಹೋಗುವ ಆಸೆ ಅವರಿಗಿರಲಿಲ್ಲ. ಆಫ್‌ಸೈಡ್ ಕೂಡ ನೀನೇ ನೋಡು, ನಾನು ನಿನ್ನ ಬಾವುಟವನ್ನು ನಂಬುತ್ತೇನೆ ಎಂದು ಹೇಳಿ ಹೋದರು.

ವೀರೇಶ ತನ್ನ ಜಾಕೆಟ್ಟು, ಚೀಲ ಎರಡನ್ನೂ ನನಗೆ ಕೊಟ್ಟ. ಅವನನ್ನು ಬಿಟ್ಟರೆ ನನಗೆ ಮಾತಾಡಲು ಬೇರೆ ಯಾರೂ ಇರಲಿಲ್ಲ. ಲೆನ್ನಾರ್ಟ್ ಆಚೆ ಬದಿಯಲ್ಲಿ ಜೇಬಿನೊಳಗೆ ಕೈಯಿಟ್ಟು ಒಬ್ಬರೇ ನಿಂತಿದ್ದರು. ಆಡುವಾಗ ಮಗಳ ಹತ್ತಿರ ನಿಲ್ಲುವುದಿಲ್ಲವಂತೆ, ಅವಳಿಗೆ ಭಾರವಾಗುತ್ತದಂತೆ. ಹಾಗಾಗಿ ನಾನು ಹಗ್ಗದ ಹೊರಗೆ, ವೀರೇಶನ ಬೆನ್ನ ಹಿಂದೆ, ಅವನು ಅತ್ತ ಓಡಿದರೆ ಅತ್ತ, ಇತ್ತ ಓಡಿದರೆ ಇತ್ತ, ಅವನ ಜಾಕೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಓಡಾಡಿದೆ. ಅವನು ಲ್ಯಾಬಿನ ಬೂಟಿನಲ್ಲೇ ಇದ್ದ, ಎರಡು ಸಲ ಜಾರಿದ. ಒಮ್ಮೆ ಚೆಂಡು ಗೆರೆ ದಾಟಿದಾಗ ತಪ್ಪು ದಿಕ್ಕಿಗೆ ಬಾವುಟ ತೋರಿಸಿ, ಎರಡೂ ತಂಡದವರು ನಕ್ಕ ಮೇಲೆ ತಾನೂ ನಕ್ಕು ಸರಿಮಾಡಿದ. ಕೂಗುವುದನ್ನು ಮಾತ್ರ ಪೂರಾ ನಿಲ್ಲಿಸಿದ್ದ. ಬಾವುಟ ಹಿಡಿದವನಿಗೆ ತಂಗಿಯರಿಲ್ಲ ಎಂದು ತೀರ್ಮಾನಿಸಿಕೊಂಡವನ ಹಾಗಿದ್ದ.

ಎಂಬತ್ತೆಂಟನೆಯ ನಿಮಿಷದವರೆಗೂ ಒಂದು-ಒಂದೇ. ಗೆಲ್ಲದೆ ಗತಿಯಿಲ್ಲವಾದ್ದರಿಂದ ಕೋಚ್ ರಕ್ಷಣೆಯವರನ್ನೂ ಮುಂದಕ್ಕೆ ಕಳಿಸಿದ್ದಳು, ಎಲಿನ್‌ಳನ್ನೂ. ನಡುಮೈದಾನದಿಂದ ನೀಲಿ ಅಂಗಿಯವಳೊಬ್ಬಳು ಚೆಂಡನ್ನು ಉದ್ದಕ್ಕೆ ಎತ್ತಿ ಒದ್ದಳು. ನಾನು ಆಗ ಎಲಿನ್‌ಳನ್ನೇ ನೋಡುತ್ತಿದ್ದೆ. ಆಟದ ಜ್ಞಾನದಿಂದಲ್ಲ, ಮೈದಾನದಲ್ಲಿ ನನಗೆ ಪರಿಚಯವಿದ್ದವಳು ಅವಳೊಬ್ಬಳೇ ಎಂಬ ಕಾರಣಕ್ಕೆ. ನಾನು ಅವಳ ನೇರಕ್ಕೇ ನಿಂತಿದ್ದೆ. ಒದ್ದ ಸದ್ದು ಕೇಳಿಸಿತು. ಆ ಸದ್ದಿನ ಹೊತ್ತಿಗೆ ಎದುರಾಳಿಯ ಕೊನೆಯ ಕೆಂಪಂಗಿಯವಳಿಗೂ ಎಲಿನ್‌ಗೂ ನಡುವೆ ಒಂದು ಹೆಜ್ಜೆಯಷ್ಟು ಹುಲ್ಲು ಹಸಿರಾಗಿ, ಖಾಲಿಯಾಗಿ ಕಾಣಿಸಿತು. ಎಲಿನ್ ಮುಂದಿದ್ದಳು. ಬನ್ನು, ಲೋಟಗಳು, ಎಲ್ಲವೂ ಒಮ್ಮೆಗೇ ಅರ್ಥವಾದವು. ನನ್ನ ಜೀವನದಲ್ಲಿ ನನಗೆ ತಿಳಿದ ಮೊದಲ ಆಫ್‌ಸೈಡ್ ಅದು.

ಎಲಿನ್ ಓಡಿಹೋಗಿ ಚೆಂಡನ್ನು ಗೋಲಿಗೆ ತಳ್ಳಿದಳು. ಆರು ವರ್ಷದಲ್ಲಿ ಮೊದಲನೆಯದು. ಆಚೆ ಬದಿಯಲ್ಲಿ ಲೆನ್ನಾರ್ಟರ ಎರಡೂ ಕೈಗಳು ಜೇಬಿನಿಂದ ಹೊರಗೆ ಬಂದವು. ನಲವತ್ತು ಜನರ ಕೂಗು ಅಷ್ಟು ದೊಡ್ಡದಾಗಿರಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಕೂಗು ಒಂದು ತುದಿಯಿಂದ ಆರುತ್ತ ಬಂತು. ವೀರೇಶ ಗೆರೆಯ ಮೇಲೆ ನೆಟ್ಟಗೆ ನಿಂತಿದ್ದ. ಬಾವುಟ ತಲೆಯ ಮೇಲಿತ್ತು. ತನ್ನದೇ ತಂಡ ಕಳಿಸಿದ ಲೈನ್ಸ್‌ಮನ್‌ಗೆ ಇಂಥ ಗಳಿಗೆಯಲ್ಲಿ ಬಾವುಟ ಸಾಮಾನ್ಯವಾಗಿ ಬಹಳ ಭಾರವಾಗಿರುತ್ತದಂತೆ, ಮೇಲೇಳುವುದೇ ಇಲ್ಲವಂತೆ. ರೆಫರಿ ಅವನನ್ನು ದೀರ್ಘವಾಗಿ ನೋಡಿದರು. ಇನ್ನೊಮ್ಮೆ ಯೋಚಿಸು ಎಂದು ಬೇಡಿಕೊಂಡಂತಿತ್ತು. ಬಾವುಟ ಇಳಿಯಲಿಲ್ಲ. ಸೀಟಿ ಊದಿದರು, ಗೋಲು ಹೋಯಿತು. ಎರಡು ನಿಮಿಷದಲ್ಲಿ ಆಟವೂ ಮುಗಿಯಿತು, ತಂಡ ಕೆಳಗಿಳಿಯಿತು.

ಹುಬ್ಬಳ್ಳಿಯಲ್ಲಾಗಿದ್ದರೆ ಏನಾಗುತ್ತಿತ್ತು ಎಂದು ವೀರೇಶ ಆಮೇಲೆ ಹೇಳಿದ. ಸ್ಟೇಷನ್ನಿನವರೆಗೆ ಅಟ್ಟಿಸಿಕೊಂಡು ಬರುತ್ತಿದ್ದರು, ಅಲ್ಲಿ ಒಬ್ಬರಿಗೊಬ್ಬರು ನಾಲ್ಕು ಮಾತು ಬೈದು, ಚಹಾ ಕುಡಿದು, ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಯಾರೂ ಬೈಯಲಿಲ್ಲ. ಕ್ಲಬ್ ಮನೆಯಲ್ಲಿ ಎಲ್ಲರೂ ಸಾಲಾಗಿ ಕುಳಿತು ಫೀಕಾ ಮಾಡಿದರು, ಅಂದರೆ ಕಾಫಿ ಕುಡಿದು ಸಿಹಿ ಬನ್ನು ತಿಂದರು. ಕೋಚ್ ಬಂದು ವೀರೇಶನಿಗೆ ಥ್ಯಾಂಕ್ಸ್ ಹೇಳಿದಳು. ಕಿಟಕಿಯ ಹೆಂಗಸು ಅವನ ತಟ್ಟೆಗೆ ಒಂದರ ಬದಲು ಎರಡು ದಾಲ್ಚಿನ್ನಿ ಬನ್ನು ಇಟ್ಟಳು. ಅವನು ಎರಡನ್ನೂ ಶಿಕ್ಷೆಯ ಹಾಗೆ ಪೂರ್ತಿ ತಿಂದ.

ಆ ಮೇಲೆ ಕಾರು. ನೀವು ಒಮ್ಮೆ ಊಹಿಸಿಕೊಳ್ಳಬೇಕು. ಮುಂದೆ ಗೋಲು ಕಳೆದುಕೊಂಡವಳು ಮತ್ತು ಅವಳ ತಂದೆ, ಹಿಂದೆ ಗೋಲು ಕಸಿದವನು ಮತ್ತು ಅವನ ಜಾಕೆಟ್ ಹೊತ್ತವನು. ಮುಕ್ಕಾಲು ಗಂಟೆಯ ದಾರಿ. ಲೆನ್ನಾರ್ಟರ ಮೌನ ನನಗೆ ರೂಢಿಯಿತ್ತು. ಆದರೆ ಎಲಿನ್‌ಳ ಮೌನ ಹೊಸದು. ನನಗೆ ಕಾಣುತ್ತಿದ್ದದ್ದು ಅವಳ ಒದ್ದೆ ಕೂದಲು ಮತ್ತು ಕತ್ತು ಮಾತ್ರ. ಅರ್ಧ ದಾರಿ ಕಳೆದ ಮೇಲೆ ಅವಳು ಹಿಂದೆ ತಿರುಗದೆ ವೀರೇಶನನ್ನು ಕೇಳಿದಳು. "ನಿನಗೆ ಖಚಿತವಿತ್ತಾ?"

ವೀರೇಶ ಒಂದು ಕ್ಷಣ ತಡೆದು, ಹೌದು ಎಂದ.

ಆಗ ಲೆನ್ನಾರ್ಟ್ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ನೀನು ಅವನ ಹಿಂದೆಯೇ ಇದ್ದೆ. ನಿನಗೇನು ಕಾಣಿಸಿತು?"

ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದರು. ವೀರೇಶ ನನ್ನ ಕಡೆಗೆ ತಿರುಗಿದ್ದ. ಆ ತಿರುಗುವಿಕೆಯಲ್ಲಿ ಏನೋ ಇತ್ತು, ನಾನು ಅದನ್ನು ಓದಲಿಲ್ಲ. ನನ್ನ ತಲೆಯಲ್ಲಿ ಓಡಿದ್ದೇ ಬೇರೆ. ಹೌದು ಎಂದರೆ ಈ ಹುಡುಗಿಯ ಕತ್ತು ಇನ್ನಷ್ಟು ಬಾಗುತ್ತದೆ. ಇಬ್ಬರು ಕನ್ನಡದವರು ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ ಎಂದುಕೊಳ್ಳುತ್ತಾರೆ. ಸೋಮವಾರದಿಂದ ವರ್ಕ್‌ಶಾಪಿನ ಕಾಫಿಗೆ ಹೋಗುವುದು ಹೇಗೆ? ಹೌದು, ಕಾಫಿಯ ಬಗ್ಗೆಯೂ ಯೋಚಿಸಿದೆ. ನಾನು ಹೇಳಿದೆ, "ನಾನು ನೋಡಲಿಲ್ಲ. ಬನ್ನು ತಿನ್ನುತ್ತಿದ್ದೆ."

ವೀರೇಶ ಮೆಲ್ಲಗೆ ಕಿಟಕಿಯ ಕಡೆಗೆ ತಿರುಗಿಕೊಂಡ.

ಊರು ಬಂತು. ವೀರೇಶ ವಿದ್ಯಾರ್ಥಿ ವಸತಿಯ ಮುಂದೆ ಇಳಿದು, ಜಾಕೆಟ್ಟು ಇಸಿದುಕೊಂಡು, ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಹೋದ. ನನ್ನ ಮನೆ ಇನ್ನೂ ಎರಡು ಕಿಲೋಮೀಟರ್ ಮುಂದೆ. ಮೊದಲ ಕಿಲೋಮೀಟರಿನಲ್ಲೇ ನನಗೆ ತಡೆಯಲಾಗಲಿಲ್ಲ. ನಾನು ನೋಡಿದ್ದೆ, ಅವಳು ಆಫ್‌ಸೈಡ್ ಇದ್ದಳು ಎಂದುಬಿಟ್ಟೆ. ಎಷ್ಟು ಎಂದು ಎಲಿನ್ ಕೇಳಿದಳು. ಒಂದು ಹೆಜ್ಜೆ ಎಂದೆ. ಅವಳು ಹಾಗಾದರೆ ಸರಿ ಎಂಬಂತೆ ತಲೆಯಾಡಿಸಿ ಸೀಟಿಗೆ ಒರಗಿದಳು. ಅವಳ ಭುಜಗಳು ಹಗುರಾದದ್ದು ಹಿಂದಿನಿಂದಲೇ ಕಾಣಿಸಿತು. ನಾನು ಒಳ್ಳೆಯ ಕೆಲಸವನ್ನೇ ಮಾಡಿದೆ ಎಂದು ಬೀಗುವಷ್ಟರಲ್ಲಿ ಲೆನ್ನಾರ್ಟ್ ಹೇಳಿದರು, "ಅದನ್ನು ಅವನು ಕಾರಿನಲ್ಲಿದ್ದಾಗ ಹೇಳಬೇಕಿತ್ತು."

ಸೋಮವಾರ ವರ್ಕ್‌ಶಾಪಿನಲ್ಲಿ ಅವರು ಕಾಫಿ ಬಗ್ಗಿಸುತ್ತ, ಅವನಿಗೆ ಹೇಳಿದೆಯಾ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ಮುಂದಿನ ವಾರವೂ ಕೇಳಿದರು. ವೀರೇಶನಿಗೆ ಪರೀಕ್ಷೆಗಳ ಒತ್ತಡವಿದೆ ಎಂದೆ. ಮೂರನೆಯ ವಾರ ಕೇಳಿದರು, ಅದಕ್ಕೆ ಏನು ಹೇಳಿದೆನೋ ನೆನಪಿಲ್ಲ. ಆಮೇಲೆ ಕೇಳಲಿಲ್ಲ. ತಾವಾಗಿ ವೀರೇಶನಿಗೆ ಹೇಳುವ ಮನುಷ್ಯ ಅವರಲ್ಲ. ಅದು ನನ್ನ ಬಾಯಿಂದ ಬರಬೇಕಾದ ಮಾತು, ಅವರ ಪಾಲಿಗೆ ವಿಷಯ ಅಷ್ಟೇ. ನಾನೋ, ವೀರೇಶನಿಗೆ ತಾನು ಸರಿ ಎಂಬುದು ಗೊತ್ತೇ ಇದೆಯಲ್ಲ, ನಾನು ಹೇಳಿ ಆಗಬೇಕಾದ್ದೇನು ಎಂದು ಸಮಾಧಾನ ಮಾಡಿಕೊಂಡೆ. ಕೆಲಸ ಯಾಕೆ ತಡವಾಗುತ್ತದೆ ಎಂಬುದರ ಬಗ್ಗೆ ಇನ್ನೂರು ಪುಟ ಬರೆದವನಿಗೆ ಅದು ಕಷ್ಟವಾಗಲಿಲ್ಲ.

ತಂಡದ ವಿಷಯ ಹೇಳಿಬಿಡುತ್ತೇನೆ. ಹಿರಿಯರು ಬಿಟ್ಟರು. ಪಕ್ಕದ ಹಳ್ಳಿಯ ತಂಡದ ಜೊತೆ ಇವರದನ್ನು ಸೇರಿಸಿದರು. ಎಲಿನ್ ಆ ಕೂಡುತಂಡದಲ್ಲಿ ಇನ್ನೂ ನಾಲ್ಕು ವರ್ಷ ಆಡಿ, ಯಾರೂ ಬಾವುಟ ಎತ್ತದ ಗೋಲುಗಳನ್ನೂ ಹೊಡೆದಳು. ಮುಂದಿನ ವಸಂತದಲ್ಲಿ ಲೆನ್ನಾರ್ಟ್ ವೀರೇಶನನ್ನು ಮತ್ತೆ ಬಾವುಟ ಹಿಡಿಯಲು ಕರೆದರು. ನಿನ್ನಂಥ ಲೈನ್ಸ್‌ಮನ್ ಬೇಕೆಂದು ಕ್ಲಬ್ಬಿನವರೇ ಹೇಳಿದ್ದಾರೆ ಎಂದರು. ಶನಿವಾರಗಳಲ್ಲಿ ಮಷಿನ್ ಓಡುತ್ತಿರುತ್ತದೆ, ಬಿಟ್ಟು ಬರಲಾಗುವುದಿಲ್ಲ ಎಂದು ವೀರೇಶ ತಪ್ಪಿಸಿಕೊಂಡ. ನೋಡಲು ಕೂಡ ಬರಲಿಲ್ಲ. ನಾನು ನಂಬಿದೆ. ಅವನ ಹುಬ್ಬಳ್ಳಿ ಕನ್ನಡವನ್ನೂ ನಾನು ಮತ್ತೆ ಕೇಳಲಿಲ್ಲ. ಪಿಎಚ್‌ಡಿ ಮುಗಿದ ಮೇಲೆ ಅವನಿಗೆ ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ ಕೆಲಸ ಸಿಕ್ಕಿತು. ಮದುವೆಯಾದ, ಮಗಳು ಹುಟ್ಟಿದಳು. ಯುಗಾದಿಗೆ, ದೀಪಾವಳಿಗೆ ಮೆಸೇಜು, ವರ್ಷಕ್ಕೊಮ್ಮೆ ಫೋನು. ನಾನು ಇಲ್ಲೇ ಪಾಠ ಹೇಳಿಕೊಂಡು ಉಳಿದೆ.

ಹೋದ ಶನಿವಾರ ಡಬ್ಬಿಯ ಮುಚ್ಚಳ ತೆಗೆದವನು ಬಾತನ್ನು ಹಾಗೆಯೇ ಬಿಟ್ಟು ಅವನಿಗೆ ಫೋನ್ ಮಾಡಿದೆ. ಊಟ ಆಯ್ತಾ, ವೆದರ್ ಹೇಗಿದೆ ಎಂದೆಲ್ಲ ಮಾತಾಡಿದೆವು. ಆಮೇಲೆ ಹೇಳಿದೆ. "ವೀರೇಶ, ಆವತ್ತು ಎಲಿನ್ ಆಫ್‌ಸೈಡ್ ಇದ್ದಳು ಕಣೋ. ನಾನು ನೋಡಿದ್ದೆ. ಕಾರಲ್ಲಿ ಸುಳ್ಳು ಹೇಳಿದೆ."

ಒಂದು ನಿಮಿಷ ಎಂದ. ಎದ್ದು ಹೋಗಿ ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ಮತ್ತೆ ಮಾತಾಡಿದಾಗ ದನಿ ಬದಲಾಗಿತ್ತು.

"ಖರೇನ ನೋಡಿದ್ದೇನು?"

"ಒಂದು ಹೆಜ್ಜೆ ಮುಂದಿದ್ದಳು. ಚೆನ್ನಾಗಿ ನೋಡಿದೆ."

"ನಾ ನೋಡಿರ್ಲಿಲ್ಲಲೇ," ಎಂದ ವೀರೇಶ.

ಅವನು ಒದ್ದವಳ ಕಾಲನ್ನು ನೋಡುತ್ತಿದ್ದನಂತೆ. ಕತ್ತು ಹೊರಳಿಸುವಷ್ಟರಲ್ಲಿ ಎಲಿನ್ ಮುಂದಿದ್ದಳು. ಮೊದಲೇ ಮುಂದಿದ್ದಳೋ, ಆಗ ಓಡಿ ಮುಂದೆ ಬಂದಳೋ ಗೊತ್ತಾಗಲಿಲ್ಲ. "ಕೈ ತಾನ ಎದ್ದಬಿಡ್ತು. ಎದ್ದ ಕೈ ಇಳಸೂದು ಹೆಂಗ? ಕಾರಿನ್ಯಾಗ ಅಕಿ ಕೇಳಿದ್ಲಲ್ಲ. ಗೊತ್ತಿಲ್ಲ ಅಂದಿದ್ರ ಆ ಗೋಲು ಜೀವನಪೂರ್ತಿ ಅಕಿ ತಲ್ಯಾಗ ಕುಂತಿರ್ತಿತ್ತು. ಅದಕ್ಕ ಹೌದು ಅಂದೆ. ಈಗ ನನ್ನ ತಲ್ಯಾಗ ಕುಂತೈತಿ." ಲೆನ್ನಾರ್ಟ್ ನನ್ನನ್ನು ಕೇಳಿದಾಗ ಅವನಿಗೆ ಜೀವ ಬಂದಂತಾಗಿತ್ತಂತೆ. ಇವನು ನನ್ನ ಹಿಂದೆಯೇ ಇದ್ದ, ಇವನಿಗೆ ಗೊತ್ತಿರುತ್ತದೆ, ಸರಿಯೋ ತಪ್ಪೋ ಈಗ ತಿಳಿಯುತ್ತದೆ ಎಂದು ನನ್ನ ಕಡೆ ತಿರುಗಿದ್ದನಂತೆ. ನಾನು ಬನ್ನು ತಿನ್ನುತ್ತಿದ್ದೆ ಎಂದೆ. ಮತ್ತೆ ಬಾವುಟ ಹಿಡಿಯದಿದ್ದದ್ದು ಮಷಿನ್ ಕಾರಣಕ್ಕಲ್ಲ, ಎಲಿನ್ ಎದುರು ನಿಲ್ಲಲು ಮುಖವಿರಲಿಲ್ಲ ಎಂದ.

ಅವನೇ ಮುಂದುವರಿಸಿ, ಪಾಪ ಲೆನ್ನಾರ್ಟರಿಗೆ ಇದು ಗೊತ್ತಾಗಬೇಕಿತ್ತು ಎಂದ. ಇನ್ನೊಂದು ಸುಳ್ಳಿಗೆ ಜಾಗವಿರಲಿಲ್ಲ. ಅವರಿಗೂ ಎಲಿನ್‌ಗೂ ಆವತ್ತೇ ಗೊತ್ತು ಎಂದೆ.

"ಅಂದ್ರ, ನಾ ಇಳದ ಮ್ಯಾಲೆ ಹೇಳಿದಿ?"

ಹೌದು ಎಂದೆ. ಆಗ ಅವನು ಬೈದ. ಪೂರ್ತಿ ಐದು ನಿಮಿಷ, ಹುಬ್ಬಳ್ಳಿಯ ಕನ್ನಡದಲ್ಲಿ, ಎಲ್ಲೂ ಇಂಗ್ಲಿಷ್ ಬೆರೆಸದೆ, ಎಲ್ಲೂ ತಡವರಿಸದೆ ಬೈದ. ಕೆಲವು ಪದಗಳು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವನ್ನು ಇಲ್ಲಿ ಬರೆಯಲಾಗುವುದಿಲ್ಲ. ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. ನಡುವೆ ಎಲ್ಲೋ ಅವನು ನಗಲು ಶುರುಮಾಡಿದ, ಆದರೆ ಬೈಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಉಸಿರು ತೆಗೆದುಕೊಂಡು ಹೇಳಿದ, "ಬರೂ ಶನಿವಾರ ಬರ್ತೇನಿ. ಲೆನ್ನಾರ್ಟ್ ಮನಿಗೆ ಹೋಗೂಣು. ನನ್ನ ಮುಂದ ಹೇಳು."

ಲೆನ್ನಾರ್ಟ್ ನಿವೃತ್ತರಾಗಿ ಎರಡು ವರ್ಷವಾಯಿತು. ಈಗ ಆ ಹಳ್ಳಿಯಲ್ಲೇ ಇದ್ದಾರೆ. ಭಾನುವಾರ ಅವರಿಗೆ ಫೋನ್ ಮಾಡಿ, ಶನಿವಾರ ಬರಬಹುದೇ, ಒಂದು ವಿಷಯ ಹೇಳುವುದಿದೆ ಎಂದೆ. ಯಾವ ವಿಷಯ ಎಂದು ಅವರು ಕೇಳಲಿಲ್ಲ. "ಅವನೂ ಬರುತ್ತಾನೆ ತಾನೇ?" ಎಂದಷ್ಟೇ ಕೇಳಿದರು. ಬರುತ್ತಾನೆ ಎಂದೆ. ಹಾಗಾದರೆ ಎಲಿನ್‌ಗೂ ತಿಳಿಸುತ್ತೇನೆ ಎಂದರು.

ಇವತ್ತು ಶುಕ್ರವಾರ. ಸ್ವೀಡಿಶ್ ಭಾಷೆಯಲ್ಲಿ ಹೇಳಬೇಕಾದದ್ದು ಮೂರೇ ಪದ. ಹೂನ್ ವಾರ್ ಆಫ್‌ಸೈಡ್. ಅವಳು ಆಫ್‌ಸೈಡ್ ಇದ್ದಳು. ಇದಕ್ಕಿಂತ ಎಷ್ಟೋ ಕಷ್ಟದ ವಾಕ್ಯಗಳನ್ನು ನಾನು ಕೊಮ್ಯೂನ್, ಅಂದರೆ ನಗರಸಭೆಯ, ಕಚೇರಿಯ ಕೌಂಟರಿನಲ್ಲಿ ನಿಂತು ಹೇಳಿದ್ದೇನೆ. ಆದರೂ ಬೆಳಗ್ಗೆಯಿಂದ ಪಾತ್ರೆ ತೊಳೆಯುತ್ತ, ಬಟ್ಟೆ ಮಡಿಸುತ್ತ, ಒಮ್ಮೆ ಮೆಲ್ಲಗೆ, ಒಮ್ಮೆ ಗಟ್ಟಿಯಾಗಿ ಹೇಳಿ ನೋಡುತ್ತಿದ್ದೇನೆ. ವೀರೇಶನ ರೈಲು ನಾಳೆ ಹನ್ನೆರಡೂವರೆಗೆ ಬರುತ್ತದೆ. ನಾನು ಹನ್ನೆರಡಕ್ಕೇ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತೇನೆ.